ಬಿಸಿಲಿಗೆ ಎರಡು ಗಾಜು

ವೇರಿಯಬಲ್ ಎನ್‌ಡಿ (ನ್ಯೂಟ್ರಲ್ ಡೆನ್ಸಿಟಿ) ಫಿಲ್ಟರ್ ನೋಡುವುದಕ್ಕೆ ಒಂದೇ ಕಪ್ಪು ಗಾಜು, ಒಳಗಿರುವುದು ಎರಡು. ಲೆನ್ಸಿನ ಮೂತಿಗೆ ತಿರುಪಿ ಕೂರಿಸುವ ಬಳೆಯೊಳಗೆ ಎರಡು ಪೋಲರೈಸರ್‌ಗಳು ಒಂದರ ಮುಂದೊಂದು ಇರುತ್ತವೆ. ಹಿಂದಿನದು ಅಲುಗುವುದಿಲ್ಲ, ಮುಂದಿನದು ಬೆರಳು ತಾಗಿದರೆ ಸಾಕು, ತಿರುಗುತ್ತದೆ. ತಿರುಗಿಸುತ್ತ ಹೋದಂತೆ ಕ್ಯಾಮೆರಾದೊಳಗೆ ಇಳಿಯುವ ಬೆಳಕು ತಗ್ಗುತ್ತದೆ, ಹಿಂದಕ್ಕೆ ತಿರುಗಿಸಿದರೆ ಏರುತ್ತದೆ. ಸಾದಾ ಎನ್‌ಡಿ ಫಿಲ್ಟರ್ ಒಂದು ಅಳತೆಗೆ ಒಂದರಂತೆ ಬರುತ್ತದೆ: ಮೂರು ಸ್ಟಾಪಿಗೊಂದು, ಆರಕ್ಕೊಂದು, ಹತ್ತಕ್ಕೊಂದು. ವೇರಿಯಬಲ್ ಫಿಲ್ಟರ್ ಅಂಥ ನಾಲ್ಕೈದರ ಕೆಲಸವನ್ನು ಒಂದೇ ಬಳೆಯಲ್ಲಿ ಮಾಡುತ್ತದೆ. ಆದರೆ ಅದು ಮೊದಲು ಪೋಲರೈಸರ್, ಆಮೇಲೆ ಎನ್‌ಡಿ. ಇದನ್ನು ಮರೆತು ತಿರುಗಿಸಿದರೆ ಆಕಾಶ, ಕೆರೆ, ಮುಖ ಎಲ್ಲವೂ ಕೆಡುತ್ತವೆ. ಇದನ್ನು ನೆನಪಿನಲ್ಲಿಟ್ಟುಕೊಂಡವರಿಗೆ ದಕ್ಷಿಣ ಬೆಂಗಳೂರಿನ ಬಿಸಿಲಿನಲ್ಲಿ ಇದಕ್ಕಿಂತ ಒಗ್ಗುವ ಸಾಧನ ಇನ್ನೊಂದಿಲ್ಲ.

ಬೆಳಕು ಹೆಚ್ಚಾದರೆ ತೊಂದರೆಯೇನು ಎಂಬುದಕ್ಕೆ ಸಣ್ಣ ಲೆಕ್ಕವೊಂದು ಸಾಕು. ಒಂದು ಸ್ಟಾಪ್ ತಗ್ಗಿದರೆ ಬೆಳಕು ಅರ್ಧವಾಗುತ್ತದೆ, ಎರಡು ತಗ್ಗಿದರೆ ಕಾಲುಭಾಗ. ಫಿಲ್ಮಿನ ಕಾಲದಿಂದ ಛಾಯಾಗ್ರಾಹಕರು ನೆಚ್ಚಿಕೊಂಡು ಬಂದ ಸೂತ್ರದ ಪ್ರಕಾರ ನಿಚ್ಚಳ ಬಿಸಿಲಿನಲ್ಲಿ ಐಎಸ್‌ಒ 100, ಅಪರ್ಚರ್ ಎಫ್/16 ಇಟ್ಟರೆ ಶಟರ್ 1/100 ಸೆಕೆಂಡ್ ಇರಬೇಕು. ಮುಖದ ಹಿಂದಿನ ಗದ್ದಲ ಮಸುಕಾಗಲಿ ಎಂದು ಅಪರ್ಚರನ್ನು ಎಫ್/2.8ಕ್ಕೆ ತೆರೆದರೆ ಐದು ಸ್ಟಾಪ್ ಬೆಳಕು ಹೆಚ್ಚಿಗೆ ಬರುತ್ತದೆ. ಶಟರ್ 1/3200ಕ್ಕೆ ಓಡಬೇಕಾಗುತ್ತದೆ. ಸ್ಥಿರಚಿತ್ರಕ್ಕೆ ಅದರಿಂದ ನಷ್ಟವಿಲ್ಲ. ವಿಡಿಯೊಗೆ ಇದೆ. ಸೆಕೆಂಡಿಗೆ 25 ಫ್ರೇಮ್ ಓಡುವ ವಿಡಿಯೊದಲ್ಲಿ ಪ್ರತಿ ಫ್ರೇಮೂ 1/50 ಸೆಕೆಂಡ್ ತೆರೆದಿದ್ದರೆ ನಡೆಯುವವರ ಕಾಲು, ಬೀಸುವ ಕೈ, ಓಡುವ ಆಟೊ ಎಲ್ಲದರ ಚಲನೆಯೂ ಸ್ವಲ್ಪ ಮಸುಕಾಗಿ ಕಣ್ಣಿಗೆ ಸಹಜವಾಗಿ ಕಾಣುತ್ತದೆ. ಸಿನಿಮಾ ಕ್ಯಾಮೆರಾದ ಅರ್ಧವೃತ್ತಾಕಾರದ ತಿರುಗುವ ಶಟರ್ ಹಾಕಿಕೊಟ್ಟ ಪದ್ಧತಿ ಇದು. 1/3200ರಲ್ಲಿ ಹಿಡಿದ ಅದೇ ನಡಿಗೆ ಬಿಡಿಬಿಡಿಯಾಗಿ, ಕುಕ್ಕಿದಂತೆ ಕಾಣುತ್ತದೆ. 1/3200ರಿಂದ 1/50ಕ್ಕೆ ಬರಲು ಆರು ಸ್ಟಾಪ್ ಬೆಳಕನ್ನು ಹೊರಗೇ ತಡೆಯಬೇಕು. ಲಾಗ್ ಪ್ರೊಫೈಲಿನಲ್ಲಿ ಚಿತ್ರಿಸುವವರ ಕ್ಯಾಮೆರಾ ಐಎಸ್‌ಒ 800ರಿಂದಲೇ ಶುರುವಾಗುವಂಥದ್ದಾದರೆ ಇನ್ನೂ ಮೂರು ಸೇರಿ ಒಂಬತ್ತು. ನಮ್ಮಲ್ಲಿ 1/50ಕ್ಕೆ ಅಂಟಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಇಲ್ಲಿನ ಕರೆಂಟು 50 ಹರ್ಟ್ಸ್‌ನದು. ಅಂಗಡಿಯ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ದೀಪಗಳು ಆ ಲಯದ ಎರಡರಷ್ಟು ವೇಗದಲ್ಲಿ ಮಿನುಗುತ್ತವೆ. 1/50 ಆ ಮಿನುಗನ್ನು ನುಂಗಿಕೊಳ್ಳುತ್ತದೆ. ಹೆಚ್ಚಿನ ವೇಗದಲ್ಲಿ ಚಿತ್ರದ ಮೇಲೆ ಪಟ್ಟೆಗಳು ಹರಿಯುತ್ತವೆ.

ಆರು ಸ್ಟಾಪಿನ ಒಂದು ಸಾದಾ ಎನ್‌ಡಿ ಹಾಕಿ ಸುಮ್ಮನಾಗಬಹುದಲ್ಲ ಎಂದರೆ, ಮರುಭೂಮಿಯಲ್ಲಿ ಆಗಬಹುದು, ಜಯನಗರದಲ್ಲಿ ಆಗದು. 1948ರಲ್ಲಿ ಶಂಕುಸ್ಥಾಪನೆಯಾದ ಈ ಬಡಾವಣೆಯ ಅಡ್ಡರಸ್ತೆಗಳ ಮೇಲೆ ಮಳೆಮರ, ಹೊಂಗೆ, ಗುಲ್‌ಮೊಹರ್‌ಗಳು ಚಪ್ಪರ ಹಾಕಿವೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ನೆಡಲಾದ ಲಕ್ಷಾಂತರ ಸಸಿಗಳ ಫಲವನ್ನು ದಕ್ಷಿಣದ ಬಡಾವಣೆಗಳು ಇಂದಿಗೂ ಉಣ್ಣುತ್ತಿವೆ. ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಬಿಲ್ಲೆಗೂ ಅದರ ಪಕ್ಕದ ನೆರಳಿಗೂ ಮೂರು ಸ್ಟಾಪ್ ವ್ಯತ್ಯಾಸ ಇರುವುದು ಸಾಮಾನ್ಯ, ದಟ್ಟ ಮರದ ಬುಡದಲ್ಲಿ ನಾಲ್ಕು. ಗಿಂಬಲ್ ಹಿಡಿದು ಇಂಥ ಅಡ್ಡರಸ್ತೆಯಿಂದ ಹೊರಟು ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಮುಂದಿನ ಬಯಲಿಗೆ ಬರುವ ಒಂದೇ ಶಾಟಿನಲ್ಲಿ ಬೆಳಕು ಎಂಟು, ಹತ್ತು ಪಟ್ಟು ಹೆಚ್ಚುತ್ತದೆ. ಇನ್ನು ಮಳೆಗಾಲದಲ್ಲಿ ಮೋಡದ ಆಟ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಬಿಸಿಲು ಒಂದೇ ಸಮನೆ ಕಾಯುವುದು ಅಪರೂಪ. ಮೋಡ ಸರಿದರೆ ಸುರಿಯುತ್ತದೆ, ಮುಚ್ಚಿದರೆ ಎರಡು ಮೂರು ಸ್ಟಾಪ್ ಇಳಿದುಬಿಡುತ್ತದೆ. ಅಪರ್ಚರ್ ಮುಟ್ಟಿದರೆ ಹಿನ್ನೆಲೆಯ ಮಸುಕು ಬದಲಾಗುತ್ತದೆ, ಶಟರ್ ಮುಟ್ಟಿದರೆ ಚಲನೆ ಬದಲಾಗುತ್ತದೆ. ಬಳೆ ತಿರುಗಿಸಿದರೆ ಇವೆರಡೂ ಹಾಗೇ ಉಳಿದು ಬೆಳಕು ಬದಲಾಗುತ್ತದೆ, ಅದೂ ಶಾಟ್ ಕಡಿಯದಂತೆ.

ಇದರ ಬೆಲೆ ಚೆನ್ನಾಗಿ ತಿಳಿದಿರುವುದು ಮದುವೆ ವಿಡಿಯೊದವರಿಗೆ. ಕಾಶಿಯಾತ್ರೆಯ ಹೊತ್ತಿಗೆ ಬಿಳಿ ಪಂಚೆ ಉಟ್ಟ ವರ ಕೊಡೆ, ಕೋಲು ಹಿಡಿದು ಕಲ್ಯಾಣಮಂಟಪದ ಒಳಗಿನಿಂದ ಹೊರಟು ಗೇಟಿನಾಚೆ ಬೀದಿಗೆ ಬರುತ್ತಾನೆ. ಕ್ಯಾಮೆರಾದವನು ಅವನ ಮುಂದೆ ಹಿಂದಡಿ ಇಡುತ್ತ ಬರಬೇಕು. ಮಂಟಪದ ಬಾಗಿಲಲ್ಲಿ ಸರಿಯಿದ್ದ ಎಕ್ಸ್‌ಪೋಷರ್ ಹತ್ತು ಹೆಜ್ಜೆ ದಾಟುವುದರೊಳಗೆ ಪಂಚೆಯನ್ನು ಸುಣ್ಣದ ಗೋಡೆ ಮಾಡಿಬಿಡುತ್ತದೆ. ಅಂಚಿನ ಜರಿಯಾಗಲಿ ಬಟ್ಟೆಯ ಮಡಿಕೆಯಾಗಲಿ ಉಳಿಯುವುದಿಲ್ಲ. ಬಲಗೈಯಲ್ಲಿ ಕ್ಯಾಮೆರಾ, ಎಡಗೈಯ ಎರಡು ಬೆರಳು ಬಳೆಯ ಮೇಲೆ. ಹೊಸಿಲು ದಾಟುವ ಮುಂಚೆಯೇ ತಿರುಗಿಸಲು ಶುರುಮಾಡಿ, ಬೀದಿ ಮುಟ್ಟುವಾಗ ಮುಗಿಸಿದರೆ ನೋಡುವವರಿಗೆ ಬೆಳಕು ಬದಲಾದದ್ದೇ ತಿಳಿಯುವುದಿಲ್ಲ. ಅಭ್ಯಾಸವಿಲ್ಲದೆ ಇದು ಬರುವುದಿಲ್ಲ, ಅಭ್ಯಾಸಕ್ಕೆ ತಕ್ಕ ಕೆಲಸವೂ ಹೌದು.

ತಿರುಗಿಸಿದರೆ ಬೆಳಕು ತಗ್ಗುವುದು ಹೇಗೆ ಎಂಬುದನ್ನು ದ್ವಿತೀಯ ಪಿಯುಸಿಯ ಭೌತಶಾಸ್ತ್ರ ಓದಿದವರೆಲ್ಲ ಒಮ್ಮೆ ಬರೆದಿರುತ್ತಾರೆ. ಬೆಳಕಿನ ಅಲೆ ಎಲ್ಲ ದಿಕ್ಕಿಗೂ ಅಡ್ಡಡ್ಡ ಕಂಪಿಸುತ್ತದೆ. ಪೋಲರೈಸರ್ ಒಂದೇ ದಿಕ್ಕಿನ ಕಂಪನವನ್ನು ಬಿಟ್ಟುಕೊಡುತ್ತದೆ. ಇದೇ ಧ್ರುವೀಕರಣ. ಎರಡನೆಯ ಪೋಲರೈಸರ್ ಮೊದಲನೆಯದಕ್ಕೆ ಎಷ್ಟು ಕೋನದಲ್ಲಿ ನಿಂತಿದೆಯೋ ಆ ಕೋನದ ಕೊಸೈನಿನ ವರ್ಗಕ್ಕೆ ತಕ್ಕಷ್ಟು ಬೆಳಕು ದಾಟುತ್ತದೆ ಎಂದು ತೋರಿಸಿಕೊಟ್ಟವನು ಫ್ರಾನ್ಸಿನ ಎತಿಯೆನ್ ಲೂಯಿ ಮಾಲುಸ್, 19ನೇ ಶತಮಾನದ ಮೊದಲ ದಶಕದಲ್ಲಿ. ಪರೀಕ್ಷೆಗೆ ಸೂತ್ರ ಬರೆದರೆ ಸಾಕಿತ್ತು, ಕ್ಯಾಮೆರಾ ಹಿಡಿದವರು ಅದರ ಲೆಕ್ಕವನ್ನೂ ನೋಡಬೇಕು. ಎರಡೂ ಒಂದೇ ದಿಕ್ಕಿನಲ್ಲಿರುವಾಗಿನಿಂದ ಒಂದು ಸ್ಟಾಪ್ ತಗ್ಗಲು 45 ಡಿಗ್ರಿ ತಿರುಗಿಸಬೇಕು. ಎರಡನೆಯ ಸ್ಟಾಪ್ 60 ಡಿಗ್ರಿಯಲ್ಲಿ ಬರುತ್ತದೆ, ಎಂದರೆ ಇನ್ನು 15 ತಿರುಗಿಸಿದರೆ ಸಾಕು. ಮೂರನೆಯದು 69ರ ಹತ್ತಿರ, ನಾಲ್ಕನೆಯದು 75 ದಾಟಿದೊಡನೆ, ಐದನೆಯದು 80ರಲ್ಲಿ, ಆರನೆಯದು 83ರಲ್ಲಿ, ಏಳನೆಯದು 85ರಲ್ಲಿ. 82 ಮಿಲಿಮೀಟರಿನ ಫಿಲ್ಟರಿನಲ್ಲಿ ಮೊದಲ ಸ್ಟಾಪಿಗೆ ಬೆರಳು ಬಳೆಯ ಅಂಚಿನಲ್ಲಿ ಮೂರು ಸೆಂಟಿಮೀಟರಿಗೂ ಹೆಚ್ಚು ಸರಿಯಬೇಕು. ಆರರಿಂದ ಏಳಕ್ಕೆ ಹೋಗಲು ಸುಮಾರು ಒಂದೂವರೆ ಮಿಲಿಮೀಟರ್. ಕೊನೆಕೊನೆಗೆ ಫಿಲ್ಟರ್ ಕೈಗೆ ಸಿಗದೆ ಜಾರುವುದು ಇದರಿಂದಲೇ. ತಯಾರಕರು ಎರಡರಿಂದ ಐದು ಸ್ಟಾಪಿಗೊಂದು, ಆರರಿಂದ ಒಂಬತ್ತಕ್ಕೊಂದು ಎಂದು ಬೇರೆ ಬೇರೆ ಮಾಡಿ, ಎರಡೂ ತುದಿಯಲ್ಲಿ ತಡೆ ಕೊಟ್ಟಿರುವ ಫಿಲ್ಟರುಗಳು ಕೆಲಸಕ್ಕೆ ಒದಗುವುದೂ ಅದಕ್ಕೇ. ಹೆಚ್ಚು ಸ್ಟಾಪಿನದರಲ್ಲಿ ಮೊದಲೇ ಒಂದು ಸಾದಾ ಎನ್‌ಡಿ ಗಾಜು ಸೇರಿಸಿರುತ್ತಾರೆ, ಹಾಗಾಗಿ ಪೋಲರೈಸರ್‌ಗಳು ಅಪಾಯದ ಕೋನಕ್ಕೆ ಹೋಗಬೇಕಾಗಿಲ್ಲ.

ಅಂಗಡಿಯ ಡಬ್ಬಿಗಳ ಮೇಲೆ ‘ಎನ್‌ಡಿ 2–400’ ಎಂದು ಬರೆದಿರುವುದುಂಟು. ಎನ್‌ಡಿ 2 ಎಂದರೆ ಒಂದೇ ಸ್ಟಾಪ್, ಅರ್ಧ ಬೆಳಕು. ಆದರೆ ಕೊರತೆಯೇ ಇಲ್ಲದ ಪೋಲರೈಸರ್ ಕೂಡ ಸಾಮಾನ್ಯ ಬೆಳಕಿನ ಅರ್ಧವನ್ನು ತಡೆಯುತ್ತದೆ. ನಿಜವಾದ ಗಾಜು ಇನ್ನಷ್ಟು ನುಂಗುತ್ತದೆ, ಎರಡಿದ್ದರೆ ಮತ್ತಷ್ಟು. ಹೀಗಾಗಿ ಪೂರ್ತಿ ತೆರೆದಿಟ್ಟಾಗಲೂ ಒಂದೂವರೆಯಿಂದ ಎರಡು ಸ್ಟಾಪ್ ಹೋಗಿಯೇ ಹೋಗುತ್ತದೆ. ಎನ್‌ಡಿ 2 ಎಂದು ನಮೂದಿಸಿದ ಡಬ್ಬಿಯನ್ನು ನಂಬಿ ಹಣ ಕೊಡುವ ಅಗತ್ಯವಿಲ್ಲ.

ಈಗ ಆಕಾಶದ ವಿಷಯ. ಗಾಳಿಯ ಅಣುಗಳು ಚದುರಿಸಿದ ನೀಲಿ ಬೆಳಕು ತಾನೇ ಭಾಗಶಃ ಧ್ರುವೀಕರಣಗೊಂಡಿರುತ್ತದೆ, ಸೂರ್ಯನಿಂದ 90 ಡಿಗ್ರಿ ದೂರದ ಪಟ್ಟಿಯಲ್ಲಿ ಅತಿ ಹೆಚ್ಚು. ಬನಶಂಕರಿ ಆರನೇ ಹಂತದ ಆಚೆ ತುರಹಳ್ಳಿ ಕಾಡಿನ ಬಂಡೆಯ ಮೇಲೆ ಬೆಳಿಗ್ಗೆ ನಿಂತವರಿಗೆ ಸೂರ್ಯ ಪೂರ್ವದಲ್ಲಿ ಕೆಳಗಿರುತ್ತಾನೆ. ಆ ಪಟ್ಟಿ ಉತ್ತರದಿಂದ ನೆತ್ತಿಯ ಮೇಲೆ ಹಾದು ದಕ್ಷಿಣಕ್ಕೆ ಇಳಿಯುತ್ತದೆ. ಉತ್ತರಕ್ಕೆ ತಿರುಗಿಸಿದ ಕ್ಯಾಮೆರಾದಲ್ಲಿ ಆಕಾಶ ಕಡುನೀಲಿ, ಪಶ್ಚಿಮಕ್ಕೆ ತಿರುಗಿಸಿದರೆ ಮಾಮೂಲು. ನಗರವನ್ನೆಲ್ಲ ತೋರಿಸೋಣ ಎಂದು ಒಂದೇ ಶಾಟಿನಲ್ಲಿ ಪ್ಯಾನ್ ಮಾಡಿದರೆ ಆಕಾಶ ದಾರಿಯುದ್ದಕ್ಕೂ ಬಣ್ಣ ಬದಲಿಸುತ್ತ ಹೋಗುತ್ತದೆ. ವೈಡ್ ಲೆನ್ಸಿನಲ್ಲಿ ಒಂದೇ ಫ್ರೇಮಿನೊಳಗೆ ಕಪ್ಪು ತೇಪೆಯಾಗಿ ಕೂರುತ್ತದೆ. ಹಲವು ಫ್ರೇಮ್ ಹೊಲಿದು ಪನೋರಮಾ ಮಾಡುವವರು ವೇರಿಯಬಲ್ ಎನ್‌ಡಿಯನ್ನು ಮುಟ್ಟಲೇಬಾರದು.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಸೂರ್ಯ ವರ್ಷಕ್ಕೆರಡು ಸಲ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ಮಧ್ಯಾಹ್ನ ನೇರ ನೆತ್ತಿಗೆ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಮಕ್ಕಳು ಕಂಬ ನೆಟ್ಟು ನೋಡುವುದು ಆಗಲೇ. ಆ ಹೊತ್ತಿನಲ್ಲಿ 90 ಡಿಗ್ರಿಯ ಪಟ್ಟಿ ದಿಗಂತದ ಸುತ್ತ ಉಂಗುರವಾಗಿ ಬಿದ್ದಿರುತ್ತದೆ. ಯಾವ ದಿಕ್ಕಿಗೆ ತಿರುಗಿದರೂ ಆಕಾಶದ ಮೇಲೆ ಫಿಲ್ಟರಿನ ಪರಿಣಾಮ ಒಂದೇ, ಪ್ಯಾನ್ ಮಾಡಲು ಅಡ್ಡಿಯಿಲ್ಲ. ಮುಖಗಳಿಗೆ ಅದು ಕೆಟ್ಟ ಹೊತ್ತು, ಕಣ್ಣಿನ ಗುಳಿಗಳೆಲ್ಲ ಕತ್ತಲಾಗಿರುತ್ತವೆ. ಕಟ್ಟಡ ಮತ್ತು ಬಯಲು ನೋಟಗಳಿಗೆ ಒಳ್ಳೆಯದು.

ನೀರು, ಗಾಜು, ಎಲೆಗಳಿಂದ ಓರೆಯಾಗಿ ಪ್ರತಿಫಲಿಸಿದ ಬೆಳಕೂ ಹೀಗೆಯೇ ಧ್ರುವೀಕರಣಗೊಂಡಿರುತ್ತದೆ. ನೀರಿನಲ್ಲಿ ಲಂಬದಿಂದ 53 ಡಿಗ್ರಿ, ಗಾಜಿನಲ್ಲಿ 56 ಡಿಗ್ರಿಯ ಹತ್ತಿರ ಇದು ಅತಿ ಹೆಚ್ಚು. ಸಾರಕ್ಕಿ ಕೆರೆಯ ಏರಿಯ ಮೇಲೆ ನಿಂತು ಕ್ಯಾಮೆರಾವನ್ನು ನೀರಿಗೆ ಹಿಡಿದು ಬಳೆ ತಿರುಗಿಸಿದರೆ ಬೆಳಕು ತಗ್ಗುವುದರ ಜೊತೆಗೆ ಆಕಾಶದ ಬಿಂಬವೂ ಮಾಯವಾಗಿ, ಕೆಳಗಿನ ಪಾಚಿ, ಜೊಂಡು ಮೇಲೆದ್ದು ಕಾಣುತ್ತವೆ. ಇನ್ನಷ್ಟು ತಿರುಗಿಸಿದರೆ ಬಿಂಬ ಮರಳುತ್ತದೆ. ಎಕ್ಸ್‌ಪೋಷರಿಗೆ ಬೇಕಾದ ಕೋನವೂ ನೀರಿಗೆ ಬೇಕಾದ ಕೋನವೂ ಒಂದೇ ಆಗಿರಬೇಕೆಂದಿಲ್ಲ. ಮಡಿವಾಳ ಕೆರೆಯಲ್ಲಿ ಸಂಜೆಯ ಮೋಡದ ಬಿಂಬವನ್ನೇ ಚಿತ್ರಿಸಲು ಹೋದವರಿಗೆ ವೇರಿಯಬಲ್ ಎನ್‌ಡಿ ಆ ಬಿಂಬವನ್ನೇ ಅಳಿಸಿಕೊಟ್ಟರೆ ಸಾದಾ ಎನ್‌ಡಿಗೆ ಮರಳುವುದೊಂದೇ ದಾರಿ. ಎಲೆಗಳಲ್ಲಿ ಮಾತ್ರ ಇದು ಲಾಭವೇ. ಲಾಲ್‌ಬಾಗಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಬೆಳ್ಳಗೆ ಮಿಂಚುವ ಎಲೆಗಳ ಮೇಲಿನ ಹೊಳಪು ಇಳಿದು ಹಸಿರು ತುಂಬಿಕೊಳ್ಳುತ್ತದೆ. 1889ರಲ್ಲಿ ಅಡಿಗಲ್ಲು ಹಾಕಿದ ಅಲ್ಲಿನ ಗಾಜಿನ ಮನೆಯ ಗಾಜಿನ ಮೇಲಿನ ಝಳವೂ ಕಡಿಮೆಯಾಗುತ್ತದೆ, ಬರಿಯ ಲೋಹದ ಮಿನುಗು ಹಾಗೇ ಉಳಿಯುತ್ತದೆ. ಲೋಹದ ಪ್ರತಿಫಲನವನ್ನು ಪೋಲರೈಸರ್ ಹಿಡಿಯಲಾರದು. ಜರಿಯಂಚು ಕಣ್ಣು ಕುಕ್ಕುತ್ತಲೇ ಇದ್ದು, ರೇಷ್ಮೆಯ ನುಣುಪು ಮಾತ್ರ ಮಂಕಾಗುವುದೂ ಇದೇ ಕಾರಣಕ್ಕೆ. ಮುಖದ ಎಣ್ಣೆಹೊಳಪು ಸ್ವಲ್ಪ ಇಳಿದರೆ ಚೆಂದ. ಪೂರ್ತಿ ಇಳಿದರೆ ಚರ್ಮದ ಜೀವವೇ ಹೋದಂತಾಗುತ್ತದೆ. ಹೊರಾಂಗಣದಲ್ಲಿ ಮುಖ ಚಿತ್ರಿಸುವಾಗ ಬಳೆಯ ಗುರುತನ್ನಷ್ಟೇ ನೆಚ್ಚದೆ ಕೆನ್ನೆ, ಹಣೆಗಳನ್ನು ನೋಡಿಕೊಂಡು ತಿರುಗಿಸಬೇಕು.

ಬೀದಿಯಲ್ಲಿ ಇನ್ನೂ ಕೆಲವು ಚಮತ್ಕಾರಗಳು ಎದುರಾಗುತ್ತವೆ. ಎಲ್‌ಸಿಡಿ ಪರದೆ ತಾನೇ ಪೋಲರೈಸರ್ ಹೊದ್ದಿರುವುದರಿಂದ ಅಂಗಡಿಯ ಟಿವಿಯೋ ಫಲಕವೋ ಒಂದು ಕೋನದಲ್ಲಿ ಪೂರ್ತಿ ಕಪ್ಪಾಗಬಹುದು. ಕಾರಿನ ಹಿಂಬದಿಯ ಗಟ್ಟಿಗೊಳಿಸಿದ ಗಾಜಿನ ಮೇಲೆ ಸಾಲು ಸಾಲು ಮಚ್ಚೆಗಳು ಮೂಡುತ್ತವೆ. ಗಾಜನ್ನು ಕಾಯಿಸಿ ತಟ್ಟನೆ ತಣಿಸುವಾಗ ಒಳಗೆ ಉಳಿದ ಒತ್ತಡದ ಗುರುತು ಅದು. ಬಿಟಿಎಂ ಲೇಔಟಿನ ಸಿಗ್ನಲ್ಲಿನಲ್ಲಿ ನಿಂತ ಕಾರುಗಳ ಸಾಲನ್ನು ಚಿತ್ರಿಸುವವರು ಇದನ್ನು ಗಾಜಿನ ಕೊಳೆ ಎಂದುಕೊಳ್ಳುವುದುಂಟು.

ಹಿಂಬದಿಯ ಪೋಲರೈಸರಿಗೆ ಬೆನ್ನಿಗೊಂದು ತೆಳು ಹಾಳೆ ಅಂಟಿರುತ್ತದೆ. ಅದು ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಸುತ್ತುತ್ತ ಸಾಗುವ ಬೆಳಕಾಗಿ ಮಾರ್ಪಡಿಸಿ, ಕ್ಯಾಮೆರಾದೊಳಗಿನ ಕನ್ನಡಿ, ಫೋಕಸ್ ಸಾಧನಗಳಿಗೆ ಗೊಂದಲವಾಗದಂತೆ ನೋಡಿಕೊಳ್ಳುತ್ತದೆ. ಇದನ್ನು ಕಾಲಲೆ ಫಲಕ ಎನ್ನಬಹುದು. ಸಾಮಾನ್ಯ ಕಾಲಲೆ ಫಲಕ ಒಂದು ಬಣ್ಣಕ್ಕೆ ಸರಿಯಾಗಿ, ಉಳಿದ ಬಣ್ಣಗಳಿಗೆ ಅರೆಬರೆಯಾಗಿ ಕೆಲಸ ಮಾಡುತ್ತದೆ. ಎಲ್ಲ ಬಣ್ಣಗಳಿಗೂ ಬಹುಮಟ್ಟಿಗೆ ಒಂದೇ ತೆರನಾಗಿ ನಡೆದುಕೊಳ್ಳುವ ಫಲಕಗಳ ಜೋಡಣೆಯನ್ನು 1955ರಲ್ಲಿ ಪ್ರಕಟಿಸಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ, ಸಿ.ವಿ. ರಾಮನ್ ಅವರ ಸೋದರಳಿಯ. ಮರುವರ್ಷ, ಇನ್ನೂ 22ರ ವಯಸ್ಸಿನಲ್ಲಿ, ಧ್ರುವೀಕೃತ ಬೆಳಕಿನ ಬಗೆಗೆ ಅವರು ಬರೆದ ಪ್ರಬಂಧ ದಶಕಗಳ ನಂತರ ಲೋಕಪ್ರಸಿದ್ಧವಾಯಿತು. ಅವರು 1969ರಲ್ಲೇ ತೀರಿಕೊಂಡಿದ್ದರು. ಅಣ್ಣ ಎಸ್. ಚಂದ್ರಶೇಖರ್ ಅದೇ ಸಂಸ್ಥೆಯಲ್ಲಿ 1977ರಲ್ಲಿ ಸಹೋದ್ಯೋಗಿಗಳೊಂದಿಗೆ ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದರು. ಸೋನಿಯ ಎಫ್‌ಎಕ್ಸ್6ನಂಥ ವಿಡಿಯೊ ಕ್ಯಾಮೆರಾಗಳಲ್ಲಿ ಒಳಗೇ ಕೂತಿರುವ ಎಲೆಕ್ಟ್ರಾನಿಕ್ ವೇರಿಯಬಲ್ ಎನ್‌ಡಿ ದ್ರವಸ್ಫಟಿಕದಿಂದಲೇ ನಡೆಯುವಂಥದ್ದು. ಈ ನಗರದ ಛಾಯಾಗ್ರಾಹಕರಿಗೆ ಈ ಇಬ್ಬರ ಹೆಸರೂ ಲೆನ್ಸ್ ಕಂಪನಿಗಳ ಹೆಸರಿನಷ್ಟೇ ಪರಿಚಿತವಾಗಿರಬೇಕಿತ್ತು.

ವೇರಿಯಬಲ್ ಎನ್‌ಡಿಯ ಅತಿ ಕುಖ್ಯಾತ ದೋಷ ಚಿತ್ರದ ಮೇಲೆ ಬೀಳುವ ಎಕ್ಸ್ ಆಕಾರದ ಕಪ್ಪು ನೆರಳು. ಎರಡು ಪೋಲರೈಸರ್‌ಗಳು ಹೆಚ್ಚುಕಡಿಮೆ ಪೂರ್ತಿ ಅಡ್ಡಡ್ಡಲಾದಾಗ, ಫ್ರೇಮಿನ ಮೂಲೆಗಳಿಂದ ಓರೆಯಾಗಿ ಬರುವ ಕಿರಣಗಳಿಗೆ ಅವುಗಳ ನಡುವಿನ ಕೋನ ಬೇರೆಯಾಗಿ ಬೀಳುತ್ತದೆ. ಒಂದು ಜೊತೆ ಮೂಲೆಗಳು ಕತ್ತಲಾಗುತ್ತವೆ, ಇನ್ನೊಂದು ಜೊತೆ ತೆಳುವಾಗುತ್ತದೆ. ಟೆಲಿ ಲೆನ್ಸಿನಲ್ಲಿ ಕಿರಣಗಳು ಬಹುತೇಕ ನೇರವಾಗಿಯೇ ಬರುವುದರಿಂದ ಈ ಪೀಡೆ ಕಡಿಮೆ. 24 ಮಿಲಿಮೀಟರಿಗಿಂತ ವೈಡ್ ಆದ ಲೆನ್ಸಿನಲ್ಲಿ ಬಳೆಯ ಕೊನೆಯ ಒಂದೆರಡು ಸ್ಟಾಪುಗಳನ್ನು ಬಿಟ್ಟುಬಿಡುವುದು ಲೇಸು. ಅಡ್ಡಡ್ಡಲಾದ ಪೋಲರೈಸರ್‌ಗಳ ಮೂಲಕ ಕಡುನೀಲಿ ಮತ್ತು ಅವಕೆಂಪು ಬೆಳಕು ಸೋರುವುದರಿಂದ ಬಣ್ಣವೂ ಕೆಡುತ್ತದೆ. ಕಪ್ಪು ಕೋಟು ಕಂದಾಗಿ, ನೇರಳೆಯಾಗಿ ಕಾಣುತ್ತದೆ. ಫಿಲ್ಟರ್ ಹಾಕಿ, ಬೇಕಾದಷ್ಟು ತಿರುಗಿಸಿದ ಮೇಲೆಯೇ ಬೂದು ಕಾರ್ಡ್ ಹಿಡಿದು ವೈಟ್ ಬ್ಯಾಲೆನ್ಸ್ ಕೂರಿಸಬೇಕು. ಎರಡು ಕ್ಯಾಮೆರಾ ಇಟ್ಟು ಒಂದೇ ಸಮಾರಂಭ ಚಿತ್ರಿಸುವವರು ಎರಡಕ್ಕೂ ಒಂದೇ ಕಂಪನಿಯ ಫಿಲ್ಟರ್ ಕೊಳ್ಳದಿದ್ದರೆ ಎಡಿಟಿಂಗಿನಲ್ಲಿ ರಾತ್ರಿಗಳೇ ಕಳೆಯುತ್ತವೆ.

ಸ್ಥಿರಚಿತ್ರದವರಿಗೆ ಇದು ಒದಗುವುದು ಮುಖ್ಯವಾಗಿ ಹಗಲಿನಲ್ಲೇ ಚಲನೆಯನ್ನು ಮಸುಕುಗೊಳಿಸಲು. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ ಸೇರುವ ಕಡಲೆಕಾಯಿ ಪರಿಷೆಗಿಂತ ಇದಕ್ಕೆ ತಕ್ಕ ಜಾಗ ಸಿಗದು. ಬಿಸಿಲಿನಲ್ಲಿ ಐಎಸ್‌ಒ 100, ಎಫ್/11ಕ್ಕೆ ಶಟರ್ 1/200 ಬರುತ್ತದೆ. ಆರು ಸ್ಟಾಪ್ ತಗ್ಗಿಸಿದರೆ ಸೆಕೆಂಡಿನ ಮೂರನೇ ಒಂದು ಭಾಗ; ಕಡಲೆಕಾಯಿ ರಾಶಿ, ಸೇರು ಹಿಡಿದು ಕೂತ ಹೆಂಗಸು ನಿಚ್ಚಳವಾಗಿದ್ದು ಜನ ಮಾತ್ರ ಹೊಳೆಯಾಗಿ ಹರಿಯುತ್ತಾರೆ. ಒಂಬತ್ತು ಸ್ಟಾಪಿಗೆ ಎರಡೂವರೆ ಸೆಕೆಂಡಾಗಿ ನಡೆಯುವವರೆಲ್ಲ ಬಣ್ಣದ ಗೆರೆಗಳಾಗುತ್ತಾರೆ, ಪರಿಷೆಯ ಜೀವ ಅದರಲ್ಲಿ ಉಳಿಯುವುದಿಲ್ಲ. ಟ್ರೈಪಾಡಿಗೆ ಜಾಗ ಸಿಗುವುದು ಬೆಳಿಗ್ಗೆ ಬೇಗ. ಆಮೇಲೆ ಅಂಗಡಿಯ ಕಟ್ಟೆಯೋ ಕಬ್ಬಿಣದ ತಡೆಗೋಡೆಯೋ ಆಸರೆ. 2025ರ ಆಗಸ್ಟಿನಲ್ಲಿ ಓಡಾಟ ಆರಂಭಿಸಿದ ಹಳದಿ ಮಾರ್ಗದ ಮೆಟ್ರೊ ರೈಲನ್ನು ರಸ್ತೆಬದಿಯಿಂದ ಗೆರೆಯಾಗಿ ಹಿಡಿಯಲೂ ಇದೇ ಲೆಕ್ಕ ನಡೆಯುತ್ತದೆ. ಅರ್ಧ ನಿಮಿಷ, ಒಂದು ನಿಮಿಷದ ಎಕ್ಸ್‌ಪೋಷರ್ ಬೇಕಾದರೆ ವೇರಿಯಬಲ್‌ನ ಆಸೆ ಬಿಟ್ಟು ಹತ್ತು ಸ್ಟಾಪಿಗೂ ಮೇಲ್ಪಟ್ಟ ಸಾದಾ ಎನ್‌ಡಿ ಹಾಕಬೇಕು.

ಕ್ರಮ ಸರಳ. ಫ್ರೇಮ್ ರೇಟ್, ಶಟರ್, ಐಎಸ್‌ಒ, ಅಪರ್ಚರ್ ಮೊದಲು ನಿಲ್ಲಿಸಿ, ಕೊನೆಗೆ ಬಳೆ ತಿರುಗಿಸುತ್ತ ಪರದೆಯ ಜೀಬ್ರಾ ಗೆರೆಗಳು ಬಿಳಿ ಬಟ್ಟೆಯ ಮೇಲಿಂದ ಸರಿಯುವವರೆಗೆ ಹೋಗಬೇಕು. ಕೊಳ್ಳುವಾಗ ಇರುವ ಲೆನ್ಸುಗಳಲ್ಲಿ ಅತಿ ದೊಡ್ಡದರ ಅಳತೆಗೆ, ಸಾಮಾನ್ಯವಾಗಿ 77 ಅಥವಾ 82 ಮಿಲಿಮೀಟರಿಗೆ, ಒಂದು ಒಳ್ಳೆಯ ಫಿಲ್ಟರ್ ತಂದು ಉಳಿದವಕ್ಕೆ ಸ್ಟೆಪ್-ಅಪ್ ರಿಂಗ್ ಹಾಕಿದರೆ ಹಣ ಉಳಿಯುತ್ತದೆ. ಅಂಗಡಿಯಲ್ಲೇ ತಮ್ಮ ವೈಡ್ ಲೆನ್ಸಿಗೆ ಕೂರಿಸಿ, ಬಿಳಿ ಗೋಡೆಗೆ ಹಿಡಿದು ಕೊನೆಯವರೆಗೂ ತಿರುಗಿಸಿ ನೋಡಿದರೆ ಎಕ್ಸ್ ನೆರಳೂ ಬಣ್ಣದ ಸೋರಿಕೆಯೂ ಅಲ್ಲೇ ಗೊತ್ತಾಗುತ್ತವೆ. ಸಂಜೆ ಗಾಂಧಿ ಬಜಾರಿನಲ್ಲಿ ದೀಪ ಹತ್ತುವ ಹೊತ್ತಿಗೆ ಫಿಲ್ಟರ್ ಬಿಚ್ಚಿಡಬೇಕು: ಕನಿಷ್ಠ ಒಂದೂವರೆ ಸ್ಟಾಪ್ ವೃಥಾ ಹೋಗುತ್ತದೆ, ಎರಡು ಗಾಜುಗಳ ನಡುವೆ ಪುಟಿದ ದೀಪದ ಬೆಳಕು ಚಿತ್ರದಲ್ಲಿ ಬೇಡದ ಕಡೆ ಮರುಬಿಂಬವಾಗುತ್ತದೆ. ಬಳೆಗಳ ಸಂದಿಗೆ ಧೂಳು ಸೇರಿದರೆ ತಿರುಗುವಿಕೆ ಒರಟಾಗಿ ವಿಡಿಯೊದಲ್ಲಿ ಅಲುಗಾಟ ಕಾಣುತ್ತದೆ. ಗಾಳಿ ಊದಿ ತೆಗೆಯಬೇಕು, ಎಣ್ಣೆ ಬಿಡಬಾರದು. ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಟ್ಟರೆ ಶಿಲೀಂಧ್ರ ಹತ್ತುವ ಭಯ ಕಡಿಮೆ. ಲೆನ್ಸಿಗೆ ತಿರುಪುವಾಗ ಹಿಂಬದಿಯ ಬಳೆಯನ್ನೇ ಹಿಡಿದು, ಅತಿಯಾಗಿ ಬಿಗಿಯದೆ ಕೂರಿಸಿದರೆ ಬಿಚ್ಚುವಾಗ ಕಚ್ಚಿಕೊಳ್ಳುವುದಿಲ್ಲ.